‘ಕೆಲಸ ಸಿಗಲಿ, ಆಮೇಲೆ’ ಎನ್ನುವ ಮುನ್ನ

ಕಳೆದ ತಿಂಗಳು ಸೌದಿಯ ಜುಬೈಲ್‌ನಿಂದ ಒಬ್ಬ ಸಹೋದರಿ ನನಗೆ ಧ್ವನಿಸಂದೇಶ ಕಳಿಸಿದ್ದರು. ಮದುವೆಗೆ ಮೊದಲೂ ನಂತರವೂ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ದಿನವೂ ಸ್ಕೂಟರ್ ಸವಾರಿ, ಮೂರು ಮಹಡಿ ಹತ್ತಿ ಇಳಿಯುವುದು, ದಿನಕ್ಕೆ ಐದು ಪಿರಿಯಡ್ ನಿಂತು ಪಾಠ. ಪತಿಯ ಬಳಿಗೆ ಹೋಗಿ ಹದಿನಾಲ್ಕು ತಿಂಗಳಾಗಿದೆ. ಪತಿ ಬೆಳಿಗ್ಗೆ ಐದೂವರೆಗೆ ಕಂಪೆನಿಯ ಬಸ್ಸು ಹತ್ತಿದರೆ ಬರುವುದು ಸಂಜೆ ಆರಕ್ಕೆ. ಇವರ ತೂಕ 58ರಿಂದ 69 ಕಿಲೋಗೆ ಏರಿದೆ. “ಊಟ ಮೊದಲಿಗಿಂತ ಕಡಿಮೆಯೇ ಮಾಡ್ತಿದ್ದೇನೆ ಡಾಕ್ಟರ್ ಸಾಬ್, ಆದರೂ ಏರ್ತಾನೇ ಇದೆ. ಸಫೂಫೆ ಮುಹಝ್ಝಿಲ್ ಅಂತ ಪುಡಿ ಬರುತ್ತಂತಲ್ಲ, ಯಾರ ಕೈಯಲ್ಲಾದರೂ ಕಳಿಸಿಕೊಡಿ. ಒಂದು ಕೆಲಸ ಸಿಕ್ಕಿಬಿಟ್ಟರೆ ಎಲ್ಲ ತಾನಾಗಿ ಸರಿಹೋಗುತ್ತೆ” ಎಂದು ಮಾತು ಮುಗಿಸಿದ್ದರು.

ಆ ಸಂದೇಶವನ್ನು ನಾನು ಮೂರು ಸಲ ಕೇಳಿದೆ. ಪುಡಿಯ ವಿಷಯಕ್ಕಲ್ಲ, ಕೊನೆಯ ಮಾತಿಗಾಗಿ. ಹೆಚ್ಚುಕಡಿಮೆ ಅದೇ ಮಾತನ್ನು ಶಾರ್ಜಾದಲ್ಲಿ ನಾನು ಐದು ತಿಂಗಳ ಕಾಲ ದಿನವೂ ಹೇಳಿಕೊಂಡಿದ್ದೆ.

ಈ ಪುಟ ಓದುವ ನಿಮ್ಮಲ್ಲಿ ಹಲವರ ಮನೆಯಿಂದ ಒಬ್ಬರಾದರೂ ಗಲ್ಫಿನಲ್ಲಿ ಇರಬಹುದು. ಅವರ ಸಂಬಳ, ವೀಸಾ, ಬಾಡಿಗೆಯ ಬಗ್ಗೆ ನಾವು ವಿಚಾರಿಸುತ್ತೇವೆ. ಕೆಲಸವಿಲ್ಲದೆ ಅಲ್ಲಿ ದಿನ ಕಳೆಯುತ್ತಿರುವವರ ದೇಹದ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಕೆಲಸ ಕಳೆದುಕೊಂಡವರು, ವಿಸಿಟ್ ವೀಸಾದಲ್ಲಿ ಹುಡುಕುತ್ತಿರುವವರು, ಪತಿಯ ಅಥವಾ ನನ್ನ ಹಾಗೆ ಪತ್ನಿಯ ವೀಸಾದಲ್ಲಿ ಹೋದವರು, ಇವರೆಲ್ಲರಿಗೂ ಇಂದಿನ ಬರಹ.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. 2016ರ ಆಗಸ್ಟ್‌ನಲ್ಲಿ ನನ್ನ ಪತ್ನಿಗೆ ಶಾರ್ಜಾದ ಒಂದು ಭಾರತೀಯ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ನಾನು ಊರಿನ ಕ್ಲಿನಿಕ್ಕನ್ನು ಗೆಳೆಯನಿಗೆ ಒಪ್ಪಿಸಿ, ಆರು ವರ್ಷದ ಮಗಳ ಜೊತೆ ಹಿಂದೆಯೇ ಹೋದೆ. ಅಲ್ಲಿ ಯುನಾನಿ ವೈದ್ಯರಿಗೂ ಲೈಸೆನ್ಸ್ ಕೊಡುತ್ತಾರೆ. ಆದರೆ ಪದವಿಪತ್ರಗಳ ಪರಿಶೀಲನೆ, ಅನುಭವಪತ್ರ, ಪರೀಕ್ಷೆ ಎಲ್ಲ ಮುಗಿಯುವವರೆಗೆ ರೋಗಿಯ ನಾಡಿ ಮುಟ್ಟುವ ಹಾಗಿಲ್ಲ. ನನ್ನ ಕಾಗದಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಮುಗಿಯಲು ಹದಿಮೂರು ತಿಂಗಳು ಹಿಡಿಯಿತು.

ಪತ್ನಿ, ಮಗಳು ಬೆಳಿಗ್ಗೆ ಆರೂಕಾಲಿಗೆ ಶಾಲೆಯ ಬಸ್ಸು ಹತ್ತುತ್ತಿದ್ದರು. ಬಾಗಿಲು ಹಾಕಿದ ಮೇಲೆ ನಾನೂ ಎ.ಸಿ.ಯೂ ಇಬ್ಬರೇ. ಮತ್ತೆ ಮಲಗುತ್ತಿದ್ದೆ. ಹತ್ತಕ್ಕೆ ಎದ್ದು ಚಹಾ, ಮೊಬೈಲು, ಮತ್ತೊಂದು ಚಹಾ. ಹನ್ನೆರಡಕ್ಕೆ ತಿಂಡಿ, ನಾಲ್ಕಕ್ಕೆ ಮಕ್ಕಳ ಜೊತೆ ಊಟ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅರ್ಜಿ ಕಳಿಸುವ ನೆಪದಲ್ಲಿ ಎರಡು ಗಂಟೆಯವರೆಗೆ ಲ್ಯಾಪ್‌ಟಾಪು, ಕೈಗೆ ಸಿಕ್ಕಿದ ಖುಬೂಸ್, ಉಳಿದ ಸಾರು. ಹೋಗುವಾಗ 72 ಕಿಲೋ ಇದ್ದವನು ಜನವರಿಗೆ 81 ಆಗಿದ್ದೆ. ಅದು ಗೊತ್ತಾದದ್ದೂ ತೂಕದ ಯಂತ್ರದಿಂದಲ್ಲ. ಒಂದು ದಿನ ಕಟ್ಟಡದ ಲಿಫ್ಟ್ ಕೆಟ್ಟಿತು. ನಾವಿದ್ದದ್ದು ಐದನೇ ಮಹಡಿ. ಕೆಳಗಿನ ಬಕಾಲದಿಂದ ನೀರಿನ ಕ್ಯಾನ್ ಹೊತ್ತು ಹೊರಟ ನಾನು ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಳಿತೆ. ಕಟ್ಟಡದ ನಾತೂರ್, ಅಂದರೆ ಕಾವಲುಗಾರ, ಅರವತ್ತು ದಾಟಿದ ಬಂಗಾಳಿ ಮನುಷ್ಯ, ಒಂದು ಮಾತೂ ಆಡದೆ ಕ್ಯಾನನ್ನು ಹೆಗಲಿಗೇರಿಸಿ ಮೇಲಿಟ್ಟು ಬಂದ. ಇಳಿಯುವಾಗ “ಡಾಕ್ಟರ್ ಸಾಬ್, ತಬಿಯತ್ ಸರಿಯಿಲ್ಲವಾ?” ಎಂದು ಕೇಳಿದ. ನಾನು ಡಾಕ್ಟರ್ ಎಂದು ನನ್ನ ಮಗಳು ಅವನಿಗೆ ಹೇಳಿದ್ದಳಂತೆ.

ಲಿಫ್ಟ್ ಒಂಬತ್ತು ದಿನ ಸರಿಯಾಗಲಿಲ್ಲ. ನನಗೆ ಅದರಿಂದ ಒಳ್ಳೆಯದೇ ಆಯಿತು.

ಯುನಾನಿ ವೈದ್ಯಶಾಸ್ತ್ರದ ಮೊದಲ ವರ್ಷದಲ್ಲೇ ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎಂಬ ಪಾಠವಿದೆ. ಮನುಷ್ಯ ಬದುಕಿರುವವರೆಗೆ ಬಿಡಲಾಗದ ಆರು ಸಂಗತಿಗಳು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೊರಹೋಗಬೇಕಾದದ್ದು ಹೋಗುವುದು. ಈ ಆರು ಹದದಲ್ಲಿದ್ದರೆ ಆರೋಗ್ಯ, ಹದ ತಪ್ಪಿದರೆ ಕಾಯಿಲೆ. ಪರೀಕ್ಷೆಯಲ್ಲಿ ಇದಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು! ಆದರೆ ಕೆಲಸವಿಲ್ಲದೆ ಪರದೇಶದಲ್ಲಿ ಕುಳಿತವನಿಗೆ ಈ ಆರೂ ಒಟ್ಟಿಗೆ ಹದ ತಪ್ಪುತ್ತವೆ ಎನ್ನುವುದು ತಿಳಿದದ್ದು ಆ ಮೂರನೇ ಮಹಡಿಯ ಮೆಟ್ಟಿಲ ಮೇಲೆ.

ಯೋಚಿಸಿ ನೋಡಿ. ಕೆಲಸ ನಮಗೆ ಸಂಬಳ ಮಾತ್ರ ಕೊಡುವುದಿಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ನಡೆಯುವ ದಾರಿ, ನಾಲ್ಕು ಜನರ ಮುಖ, ರಾತ್ರಿ ಬರುವ ದಣಿವು ಎಲ್ಲವನ್ನೂ ಅದೇ ಕೊಡುತ್ತಿರುತ್ತದೆ. ಊರಿನಲ್ಲಿ ಕೆಲಸ ಹೋದರೂ ಸಂತೆ, ಮದುವೆ, ನೆಂಟರ ಮನೆ, ತೋಟ ಅಂತ ಕಾಲು ಆಡುತ್ತಿರುತ್ತದೆ. ಪರದೇಶದ ಫ್ಲ್ಯಾಟಿನಲ್ಲಿ ಅದೂ ಇಲ್ಲ. ಹಾಗಾಗಿ ಜುಬೈಲ್‌ನ ಸಹೋದರಿ ಹೇಳಿದ್ದು ಸುಳ್ಳಲ್ಲ. ಊಟ ಹೆಚ್ಚಾಗದೆಯೂ ತೂಕ ಏರುತ್ತದೆ. ಮೊದಲು ಅವರು ದಿನಕ್ಕೆ ಸಾವಿರಾರು ಹೆಜ್ಜೆ ನಡೆಯುತ್ತಿದ್ದರು, ತಾಸುಗಟ್ಟಲೆ ನಿಲ್ಲುತ್ತಿದ್ದರು. ಈಗ ಅಡುಗೆಮನೆಯಿಂದ ಹಾಲ್‌ಗೆ ಎಂಟು ಹೆಜ್ಜೆ.

ಮೊದಲು ಗಡಿಯಾರ

ಬೊಜ್ಜಿನ ವಿಷಯ ಬಂದರೆ ಎಲ್ಲರೂ ತಟ್ಟೆಯಿಂದ ಶುರುಮಾಡುತ್ತಾರೆ. ಅನ್ನ ಬಿಟ್ಟೆ, ಚಪಾತಿ ಹಿಡಿದೆ ಎನ್ನುತ್ತಾರೆ. ಕೆಲಸವಿಲ್ಲದವರು ಹಾಗೆ ಮಾಡಬೇಡಿ ಎಂಬುದು ನನ್ನ ಸಲಹೆ. ಮೊದಲು ನಿದ್ದೆಯನ್ನು ಸರಿಪಡಿಸಿಕೊಳ್ಳಿ.

ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ ಬಲ್ಗಮ್ ಹೆಚ್ಚುತ್ತದೆ, ದೇಹ ತಂಪು ಮತ್ತು ತೇವದ ಕಡೆಗೆ ವಾಲುತ್ತದೆ, ಜಡತೆ ಬರುತ್ತದೆ ಎಂದು ನಮ್ಮ ಗ್ರಂಥಗಳು ಹೇಳುತ್ತವೆ. ಅತಿಬೊಜ್ಜನ್ನು, ಅಂದರೆ ‘ಸಮನೆ ಮುಫ್ರಿತ್’ ಅನ್ನು, ಯುನಾನಿಯಲ್ಲಿ ಬಲ್ಗಮಿ ಕಾಯಿಲೆಗಳ ಸಾಲಿನಲ್ಲೇ ಇಡುತ್ತಾರೆ. ಇಂದಿನ ವೈದ್ಯವಿಜ್ಞಾನ ಬೇರೆ ಮಾತುಗಳಲ್ಲಿ ಹತ್ತಿರದ ವಿಷಯವನ್ನೇ ಹೇಳುತ್ತದೆ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ, ಅದೂ ಸಿಹಿ ಮತ್ತು ಕರಿದ ತಿಂಡಿಯ ಮೇಲಿನ ಆಸೆ ಹೆಚ್ಚುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಸಂಯುಕ್ತ ಅರಬ್ ಸಂಸ್ಥಾನ ನಮ್ಮ ಊರಿಗಿಂತ ಒಂದೂವರೆ ಗಂಟೆ ಹಿಂದಿದೆ, ಸೌದಿ ಎರಡೂವರೆ ಗಂಟೆ. ಕೆಲಸವಿಲ್ಲದವರ ಮನಸ್ಸು ಊರಿನಲ್ಲೇ ಇರುತ್ತದೆ. ಊರಿನ ಗ್ರೂಪ್‌ಗಳನ್ನು ನೋಡುತ್ತ, ಊರಿನ ಸುದ್ದಿ ಕೇಳುತ್ತ ಇಲ್ಲಿನ ಗಡಿಯಾರಕ್ಕೂ ಸೇರದೆ, ಅಲ್ಲಿನದಕ್ಕೂ ಸೇರದೆ ದಿನ ಕಳೆದುಹೋಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಮದ್ದು ಬಹಳ ಸರಳ. ಆ ಊರಿನ ಐದು ಹೊತ್ತಿನ ಬಾಂಗ್ ಇದೆಯಲ್ಲ, ಅದಕ್ಕೆ ದಿನವನ್ನು ಕಟ್ಟಿಹಾಕುವುದು. ಫಜ್ರ್ ನಂತರ ಮಲಗುವುದಿಲ್ಲ. ಝುಹರ್‌ಗೆ ಮೊದಲು ಅರ್ಜಿ, ಓದು, ಫೋನ್ ಕರೆ ಎಲ್ಲ ಮುಗಿಯಬೇಕು. ಊಟ ಝುಹರ್ ಆದ ತಕ್ಷಣ. ಅಸರ್ ಆದ ಮೇಲೆ ಹೊರಗೆ. ರಾತ್ರಿಯ ಊಟ ಇಶಾಕ್ಕೆ ಮೊದಲು. ಇಶಾ ಆಗಿ ಒಂದೂವರೆ ಗಂಟೆಯೊಳಗೆ ಮೊಬೈಲು ಇನ್ನೊಂದು ಕೋಣೆಗೆ. ಮಧ್ಯಾಹ್ನ ಇಪ್ಪತ್ತು ನಿಮಿಷದ ಕೈಲೂಲಾ, ಅದಕ್ಕಿಂತ ಹೆಚ್ಚಿಲ್ಲ. ಬೇಸಿಗೆಯಲ್ಲಿ ಅಲ್ಲಿ ಫಜ್ರ್ ನಾಲ್ಕರ ಸುಮಾರಿಗೇ ಆಗುತ್ತದೆ, ಇಶಾ ತಡವಾಗುತ್ತದೆ. ಆಗ ಮಧ್ಯಾಹ್ನದ ನಿದ್ದೆಯನ್ನು ಸ್ವಲ್ಪ ಉದ್ದ ಮಾಡಿದರೆ ತಪ್ಪಿಲ್ಲ. ಒಟ್ಟು ಏಳು ಗಂಟೆ ನಿದ್ದೆ ಆಗಲಿ.

ಮೊದಲ ನಾಲ್ಕೈದು ದಿನ ತಲೆ ಭಾರ, ಸಿಟ್ಟು, ಹತ್ತು ಗಂಟೆಗೆ ಕಣ್ಣು ಎಳೆಯುವುದು ಇದ್ದೇ ಇರುತ್ತದೆ. ಎರಡನೇ ವಾರಕ್ಕೆ ದೇಹ ಒಗ್ಗುತ್ತದೆ. ರಾತ್ರಿಯ ತಿಂಡಿ ತಾನಾಗಿ ನಿಂತಿತು ನನಗೆ. ಎಚ್ಚರವೇ ಇಲ್ಲದಿದ್ದರೆ ತಿನ್ನುವುದು ಯಾವಾಗ?

ನಾಚಿಕೆ ಎಂಬ ಕಾಯಿಲೆ

ಇದನ್ನು ಬರೆಯಲು ನನಗೆ ಸ್ವಲ್ಪ ಕಷ್ಟ. ಆರು ಸಂಗತಿಗಳಲ್ಲಿ ಮನಸ್ಸಿನ ಚಲನೆ ಎಂದೆನಲ್ಲ, ಅದರಲ್ಲಿ ಹಕೀಮರು ಕೋಪ, ಸಂತೋಷ, ಭಯ, ದುಃಖ, ಚಿಂತೆಯ ಜೊತೆ ನಾಚಿಕೆಯನ್ನೂ ಹೆಸರಿಸುತ್ತಾರೆ. ಇವು ರಕ್ತವನ್ನೂ ದೇಹದ ಶಾಖವನ್ನೂ ಒಳಗೆ ಹೊರಗೆ ಓಡಾಡಿಸುತ್ತವೆ ಎನ್ನುವುದು ಅವರ ವಿವರಣೆ. ವಿದ್ಯಾರ್ಥಿಯಾಗಿದ್ದಾಗ ಈ ಪಟ್ಟಿಯಲ್ಲಿ ನಾಚಿಕೆ ಏಕೆ ಬಂತು ಎಂದು ಆಶ್ಚರ್ಯಪಟ್ಟಿದ್ದೆ.

ಶಾರ್ಜಾದಲ್ಲಿ ನಾನು ಜುಮಾ ಮುಗಿದ ಕೂಡಲೇ ಚಪ್ಪಲಿ ಹುಡುಕಿ ಓಡುತ್ತಿದ್ದೆ. ನಿಂತರೆ ಯಾರಾದರೂ ಊರಿನವರು ಕೈಕುಲುಕಿ “ಎಲ್ಲಿ ಕೆಲಸ?” ಎಂದು ಕೇಳುತ್ತಾರೆ. ಅಲ್ಲಿ ಸಲಾಂ ಆದ ಮೇಲೆ ಎರಡನೇ ಮಾತೇ ಅದು. ಪತ್ನಿಯ ವೀಸಾದಲ್ಲಿ ಬಂದಿದ್ದೇನೆ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಸಾಮಾನು ತರಲು ರಾತ್ರಿ ಹನ್ನೊಂದಕ್ಕೆ ಹೋಗುತ್ತಿದ್ದೆ, ಲಿಫ್ಟಿನಲ್ಲಿ ಪಕ್ಕದ ಮನೆಯವರು ಸಿಗಬಾರದೆಂದು. ಸಂಜೆ ಖಾಲಿದ್ ಸರೋವರದ ದಂಡೆಯಲ್ಲಿ ನೂರಾರು ಜನ ನಡೆಯುತ್ತಾರೆ. ಹತ್ತು ನಿಮಿಷದ ದಾರಿ. ಐದು ತಿಂಗಳು ನಾನು ಅಲ್ಲಿಗೆ ಕಾಲಿಡಲಿಲ್ಲ. ನನ್ನ ಒಂಬತ್ತು ಕಿಲೋದಲ್ಲಿ ಖುಬೂಸಿನ ಪಾಲೆಷ್ಟು, ನಾಚಿಕೆಯ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ನಾನು ನಾಚಿಕೆಯ ಕಡೆಗೇ ಹೆಚ್ಚು ತೂಗುತ್ತೇನೆ.

ನಿಮಗೂ ಹೀಗಾಗುತ್ತಿದ್ದರೆ ಒಂದು ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. “ಸದ್ಯ ಕೆಲಸ ಹುಡುಕ್ತಿದ್ದೇನೆ, ನಿಮ್ಮ ಕಡೆ ಏನಾದರೂ ಇದ್ದರೆ ಹೇಳಿ.” ಇಷ್ಟೇ. ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿ, ನಗಬೇಡಿ. ಮೊದಲ ಸಲ ನಾನು ಇದನ್ನು ಹೇಳಿದಾಗ ಎದುರಿನವರು “ನಾನೂ ನಾಲ್ಕು ತಿಂಗಳು ಹೀಗೇ ಇದ್ದೆ” ಎಂದರು. ಅವರೇ ಮುಂದೆ ನನ್ನ ಸಂಜೆಯ ನಡಿಗೆಯ ಜೊತೆಗಾರರಾದರು. ಇನ್ನು ಊರಿನಲ್ಲಿರುವವರಿಗೆ ಒಂದು ಬಿನ್ನಹ. ಫೋನ್ ಮಾಡಿದಾಗಲೆಲ್ಲ “ಏನಾಯ್ತು ಕೆಲಸ?” ಎಂದು ಕೇಳಬೇಡಿ. ಸಿಕ್ಕಿದ ದಿನ ಅವರೇ ಮೊದಲು ನಿಮಗೆ ಹೇಳುತ್ತಾರೆ. “ಇವತ್ತು ಎಲ್ಲಿಗೆ ನಡೆದಿರಿ? ಏನು ಉಂಡಿರಿ?” ಎಂದು ಕೇಳಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೆಳಗಿನ ಜಾವ ಎಚ್ಚರವಾಗಿ ಎದೆ ಹಿಂಡುವುದು, ಅಳು, ಬದುಕೇ ಬೇಡ ಎಂಬ ಯೋಚನೆ ಇದ್ದರೆ ಅದು ಬರೀ ಬೇಸರವಲ್ಲ, ಖಿನ್ನತೆ. ಅದಕ್ಕೆ ನಡಿಗೆಯೊಂದೇ ಸಾಲದು. ಮನೋವೈದ್ಯರನ್ನು ಕಾಣಲೇಬೇಕು. ಬದುಕು ಬೇಡ ಎನಿಸಿದ್ದರೆ ನಾಳೆಗೆ ಮುಂದೂಡಬೇಡಿ, ಅಂದೇ ಮನೆಯವರಿಗೆ ಹೇಳಿ, ಒಂಟಿಯಾಗಿರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಇದನ್ನು ಈಮಾನಿನ ಕೊರತೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮಧುಮೇಹಿಗೆ ನಾವು ಹಾಗೆ ಹೇಳುತ್ತೇವೆಯೇ?

ಕಾಲುಗಳಿಗೆ ಕೆಲಸ

ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಆರೋಗ್ಯ ಕಾಪಾಡಿಕೊಳ್ಳುವ ಕ್ರಮ ಮುಖ್ಯವಾಗಿ ಮೂರರ ಮೇಲೆ ನಿಂತಿದೆ ಎನ್ನುತ್ತಾರೆ: ರಿಯಾಝತ್ ಅಂದರೆ ವ್ಯಾಯಾಮ, ಆಹಾರ, ನಿದ್ದೆ. ಅವರು ವ್ಯಾಯಾಮದಿಂದ ಶುರುಮಾಡುತ್ತಾರೆ, ಆಹಾರದಿಂದ ಅಲ್ಲ. ಎಷ್ಟು ಮಾಡಬೇಕು ಎಂಬುದಕ್ಕೆ ಅವರು ಕೊಡುವ ಅಳತೆ ನನಗೆ ಬಹಳ ಇಷ್ಟ. ಚರ್ಮದ ಬಣ್ಣ ಕೆಂಪೇರುತ್ತ ಇರುವವರೆಗೆ, ಕೈಕಾಲು ಹಗುರವಾಗಿ ಆಡುತ್ತಿರುವವರೆಗೆ ಮುಂದುವರಿಸಬಹುದು. ಚಲನೆ ಭಾರವಾಗತೊಡಗಿದರೆ ನಿಲ್ಲಿಸಬೇಕು. ಇಂದಿನವರು ಇದಕ್ಕೆ ಹತ್ತಿರವಾದ ಒಂದು ಅಳತೆ ಹೇಳುತ್ತಾರೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಐದಾರು ತಿಂಗಳು ಕುಳಿತ ದೇಹವನ್ನು ಮೊದಲ ದಿನವೇ ಓಡಿಸಬೇಡಿ. ಇಂಥ ಉತ್ಸಾಹದಿಂದ ಮಂಡಿ ನೋವು ತಂದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಲಿಫ್ಟ್ ಕೆಟ್ಟ ಆ ಒಂಬತ್ತು ದಿನ ಬರೀ ಮೆಟ್ಟಿಲು ಹತ್ತಿದೆ. ಮೊದಲ ದಿನ ಎರಡು ಕಡೆ ನಿಂತು, ಒಂಬತ್ತನೇ ದಿನ ಒಂದೇ ಕಡೆ ನಿಂತು. ಆಮೇಲೆ ಫಜ್ರ್ ಮುಗಿಸಿ ಹತ್ತು ನಿಮಿಷದ ನಡಿಗೆ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ಹೋದೆ. ಮೂರನೇ ತಿಂಗಳಿಗೆ ಬುಹೈರಾ ಕಾರ್ನಿಶ್‌ನಲ್ಲಿ ನೂರ್ ಮಸೀದಿಯ ಮುಂದಿನಿಂದ ಹಾದು ನಲವತ್ತೈದು ನಿಮಿಷ ನಡೆಯುತ್ತಿದ್ದೆ. ಹಣ ಒಂದು ಫಿಲ್ಸ್ ಖರ್ಚಾಗಲಿಲ್ಲ. ಕೆಲಸವಿಲ್ಲದವರು ಜಿಮ್ಮಿಗೆ ವರ್ಷದ ಹಣ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಮೊದಲ ತಿಂಗಳು ಹೋಗುತ್ತಾರೆ, ಉಳಿದ ಹನ್ನೊಂದು ತಿಂಗಳು ಹಣ ಹೋಯಿತಲ್ಲ ಎಂದು ಕೊರಗುತ್ತಾರೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮವರು ನಡಿಗೆಯನ್ನಾದರೂ ಮಾಡುತ್ತಾರೆ, ಎರಡನೆಯದನ್ನು ಬಿಟ್ಟೇಬಿಡುತ್ತಾರೆ. ಅದಕ್ಕೆ ಯಂತ್ರ ಬೇಕಿಲ್ಲ. ಕುರ್ಚಿಯಲ್ಲಿ ಕುಳಿತು ಕೈ ಊರದೆ ಹತ್ತು ಸಲ ಏಳಿ. ಗೋಡೆಗೆ ಕೈಯೂರಿ ಹತ್ತು ಸಲ ಎದೆ ತಗ್ಗಿಸಿ ಎತ್ತಿ. ಒಂದೂವರೆ ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆತ್ತಿ. ಸ್ವಲ್ಪ ಸುಧಾರಿಸಿಕೊಂಡು ಇದನ್ನೇ ಮೂರು ಸುತ್ತು. ಮಂಡಿ ಹಿಡಿದುಕೊಂಡವರು ವ್ಯಾಯಾಮಕ್ಕೆ ಮೊದಲು ಐದು ನಿಮಿಷ ಆಲಿವ್ ಎಣ್ಣೆಯಿಂದ ಮಂಡಿ, ಮೀನಖಂಡಗಳನ್ನು ಮೃದುವಾಗಿ ಉಜ್ಜಿಕೊಳ್ಳಿ. ‘ದಲ್ಕ್’ ಎನ್ನುವ ಈ ತಿಕ್ಕುವಿಕೆಯಲ್ಲಿ ವ್ಯಾಯಾಮಕ್ಕೆ ಮೊದಲಿನದು ದೇಹವನ್ನು ಸಜ್ಜುಗೊಳಿಸಲು, ನಂತರದ್ದು ದಣಿವು ಕಳೆಯಲು ಎಂದು ಹಿಂದಿನವರು ಬೇರೆ ಬೇರೆ ಹೇಳಿದ್ದಾರೆ. ಹೊಟ್ಟೆ ತುಂಬಿರುವಾಗ ಭಾರೀ ವ್ಯಾಯಾಮ ಬೇಡ. ಊಟದ ನಂತರ ಹತ್ತು ನಿಮಿಷದ ಮೆಲುನಡಿಗೆ ಮಾತ್ರ ಒಳ್ಳೆಯದು, ರಕ್ತದ ಸಕ್ಕರೆ ಏರುವುದನ್ನು ಅದು ತಗ್ಗಿಸುತ್ತದೆ.

ಬೇಸಿಗೆಯ ಮಾತು ಬೇರೆ. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಕಾರ್ಮಿಕರನ್ನು ಬಿಸಿಲಿನಲ್ಲಿ ದುಡಿಸುವಂತಿಲ್ಲ ಎಂಬ ಕಾನೂನೇ ಇದೆ. ಸೌದಿಯಲ್ಲೂ ಹನ್ನೆರಡರಿಂದ ಮೂರರವರೆಗೆ ಹೀಗೆಯೇ. ದುಡಿಯುವವರಿಗೇ ಬೇಡವೆಂದ ಬಿಸಿಲಿನಲ್ಲಿ ನೀವು ವಾಕಿಂಗ್ ಹೋಗಬೇಡಿ. ಕಡಲ ಬದಿಯ ಊರುಗಳಲ್ಲಿ ಬಿಸಿಲು ಇಳಿದ ಮೇಲೂ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ದೇಹ ತಣಿಯುವುದಿಲ್ಲ. ಆ ನಾಲ್ಕು ತಿಂಗಳು ಮಾಲ್‌ಗಳ ಒಳಗೆ ಅಂಗಡಿ ತೆರೆಯುವ ಹೊತ್ತಿಗೆ ನಡೆಯಿರಿ, ಅಥವಾ ಕಟ್ಟಡದ ಕಾರಿಡಾರಿನಲ್ಲಿ. ತಲೆಸುತ್ತು, ವಾಂತಿ, ಸ್ನಾಯು ಸೆಳೆತ ಬಂದರೆ ತಕ್ಷಣ ನೆರಳಿಗೆ ಬಂದು ಮೈಗೆ ನೀರು ಹಾಕಿಕೊಳ್ಳಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದಂತಾದರೆ ಆಂಬುಲೆನ್ಸ್ ಕರೆಯಬೇಕು.

ಮನೆಯಲ್ಲೇ ಉಳಿದ ಸಹೋದರಿಯರು “ಒಬ್ಬಳೇ ಹೊರಗೆ ಹೋಗಲು ಮನಸ್ಸಾಗುವುದಿಲ್ಲ” ಎನ್ನುತ್ತಾರೆ. ಜುಬೈಲ್‌ನವರಿಗೆ ನಾನು ಹೇಳಿದ್ದು ಇಷ್ಟು. ಬೆಳಿಗ್ಗೆ ಪತಿ ಹೋದ ಮೇಲೆ ಮಲಗಬೇಡಿ, ಮನೆಯೊಳಗೇ ಇಪ್ಪತ್ತು ನಿಮಿಷ ನಡೆಯಿರಿ. ಕಿವಿಯಲ್ಲಿ ಏನಾದರೂ ಕೇಳುತ್ತಿರಲಿ. ಹತ್ತಿರದ ಇನ್ನೊಬ್ಬ ಮನೆಯಾಕೆಯನ್ನು ಜೊತೆ ಮಾಡಿಕೊಳ್ಳಿ. ಸಂಜೆ ಪತಿ ಬಂದ ಮೇಲೆ ಕಾರಿನಲ್ಲಿ ಕಾರ್ನಿಶ್‌ಗೆ ಹೋಗಿ ಐಸ್‌ಕ್ರೀಂ ತಿಂದು ಬರುವ ಬದಲು ಅರ್ಧ ಗಂಟೆ ಇಬ್ಬರೂ ನಡೆಯಿರಿ. ಗಣಿತ ಕಲಿಸುವುದನ್ನು ನಿಲ್ಲಿಸಬೇಡಿ, ಅಕ್ಕಪಕ್ಕದ ಪರಿಚಯದ ಮಕ್ಕಳ ಹೋಮ್‌ವರ್ಕಿಗೆ ಒಂದು ಗಂಟೆ ಕೂತರೂ ಆ ಗಂಟೆಗಾಗಿ ದಿನ ಎದ್ದು ನಿಲ್ಲುತ್ತದೆ. ಬಿಸಿಲೇ ಬೀಳದ ಮನೆಗಳಲ್ಲಿ ವಿಟಮಿನ್ ಡಿ ಕೊರತೆ ಗಲ್ಫಿನಲ್ಲಿ ಬಹಳ ಸಾಮಾನ್ಯ. ಮೈಕೈ ನೋವನ್ನು ಸೋಮಾರಿತನ ಎಂದು ಬೈಯುವ ಮೊದಲು ಅದನ್ನೊಮ್ಮೆ ಪರೀಕ್ಷೆ ಮಾಡಿಸಿ. ಥೈರಾಯ್ಡನ್ನೂ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿದ್ದೆ, ನಡಿಗೆ ಸರಿಯಾದರೆ ಅರ್ಧ ಸರಿಯಾಗುತ್ತದೆ. ಆದರೆ ಕಡಕ್ ಚಹಾದ ಬಗ್ಗೆ ಹೇಳಲೇಬೇಕು. ಅಲ್ಲಿ ಅದು ಚಹಾ ಅಲ್ಲ, ಒಂದು ಹವ್ಯಾಸ. ಡಬ್ಬಿ ಹಾಲು, ಎರಡು ಚಮಚ ಸಕ್ಕರೆ, ಚಿಕ್ಕ ಕಪ್ಪು, ಅಗ್ಗದ ಬೆಲೆ. ದಿನಕ್ಕೆ ಐದು ಕುಡಿದರೆ ಹತ್ತು ಚಮಚ, ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎನ್ನುವ ಲೆಕ್ಕವನ್ನು ಚಹಾವೊಂದೇ ಮುಗಿಸಿಬಿಡುತ್ತದೆ. ಎರಡಕ್ಕೆ ಇಳಿಸಿ, ಸುಲೈಮಾನಿಗೆ ಬನ್ನಿ. ಬಾಯಾರಿದಾಗ ಪೆಪ್ಸಿ ಬದಲು ಸಕ್ಕರೆಯಿಲ್ಲದ ಲಬನ್. ಬೆಡ್‌ಸ್ಪೇಸಿನಲ್ಲಿ ಆರೆಂಟು ಜನರ ಜೊತೆ ಇರುವ ಹುಡುಗರು ಕೆಫೆಟೇರಿಯಾದ ಪರೋಟ, ಬ್ರೋಸ್ಟ್ ತಿಂದೇ ದಿನ ದೂಡುತ್ತಾರೆ. ಅಗ್ಗ ಎನ್ನುವುದು ಅವರ ವಾದ. ನಾಲ್ಕು ಜನ ಸೇರಿ ಕಡಲೆ, ಬೇಳೆ, ಮೊಟ್ಟೆ, ಸೌತೆಕಾಯಿ, ಟೊಮೆಟೊ ತಂದು ಅಡುಗೆ ಮಾಡಿಕೊಂಡರೆ ಇನ್ನೂ ಅಗ್ಗ. ಪರೋಟ ವಾರಕ್ಕೊಮ್ಮೆ ಇರಲಿ, ಬೇಡ ಎಂದು ನಾನು ಹೇಳಿದರೂ ನೀವು ಬಿಡುವವರಲ್ಲ.

ಎಷ್ಟು ಇಳಿಯಬೇಕು? ತೂಕಕ್ಕಿಂತ ಸೊಂಟವನ್ನು ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ನೋಡಿ. ನಮ್ಮ ಜನರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ನನ್ನದು 97 ಇತ್ತು. ಈಗಿನ ತೂಕದಲ್ಲಿ ನೂರಕ್ಕೆ ಐದರಿಂದ ಏಳು ಭಾಗ ಇಳಿದರೂ ಮಧುಮೇಹದ ಅಪಾಯ ಗಣನೀಯವಾಗಿ ತಗ್ಗುತ್ತದೆ, ಅಂದರೆ 80 ಕಿಲೋದವರಿಗೆ ನಾಲ್ಕೈದು ಕಿಲೋ. ನನಗೆ ಲೈಸೆನ್ಸ್ ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ 75ಕ್ಕೆ ಇಳಿದಿದ್ದೆ. ಮತ್ತೆ 72 ನೋಡಲಿಲ್ಲ, ಅದರ ಬೇಸರವೂ ಇಲ್ಲ. ಮುಖ್ಯವಾದ ಸಂಗತಿ ಏನೆಂದರೆ ಇಳಿದದ್ದು ಕೆಲಸ ಸಿಗುವ ಮೊದಲು. ಕೆಲಸ ಸಿಕ್ಕ ಮೇಲೆ ನನಗೆ ನಡೆಯಲು ಸಮಯವೇ ಇರಲಿಲ್ಲ! ದಿನಕ್ಕೆ ಹತ್ತು ಗಂಟೆ ಕ್ಲಿನಿಕ್ಕು, ಎರಡು ಗಂಟೆ ಶಾರ್ಜಾ–ದುಬೈ ಟ್ರಾಫಿಕ್ಕು. ಖಾಲಿ ಇದ್ದ ಆ ತಿಂಗಳುಗಳಲ್ಲಿ ಕಟ್ಟಿಕೊಂಡ ಅಭ್ಯಾಸವೇ ಆಮೇಲೂ ಕೈಹಿಡಿದದ್ದು.

ಇನ್ನು ಆ ಪುಡಿ. ಸಫೂಫೆ ಮುಹಝ್ಝಿಲ್ ಹಳೆಯ, ಹೆಸರಾದ ಯೋಗ, ನಾನೂ ಕೊಡುತ್ತೇನೆ. ಆದರೆ ಎದುರಿಗೆ ಕುಳಿತ ರೋಗಿಗೆ, ಮಿಝಾಜ್ ನೋಡಿ, ಬಿ.ಪಿ., ಸಕ್ಕರೆ, ಥೈರಾಯ್ಡ್ ನೋಡಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಕೊಡುವುದಿಲ್ಲ. ಧ್ವನಿಸಂದೇಶ ಕೇಳಿ ಕೊಡುವ ಔಷಧವಲ್ಲ ಅದು. ಅಲುಗಾಡದೆ ಕುಳಿತವರಿಗೆ ಅದರಿಂದ ಪ್ರಯೋಜನವೂ ಅಷ್ಟಕ್ಕಷ್ಟೆ. ತಿಂಗಳಿಗೆ ಹತ್ತು ಕಿಲೋ ಇಳಿಸುವ ಹೆಸರಿಲ್ಲದ ಮಾತ್ರೆಗಳನ್ನಂತೂ ಮುಟ್ಟಬೇಡಿ, ಅದರ ಮೇಲೆ ಯುನಾನಿ ಎಂದೇ ಬರೆದಿದ್ದರೂ.

ಊರಿನಿಂದ ಪಾರ್ಸೆಲ್ ಕಳಿಸುವವರೂ ಒಂದು ವಿಷಯ ಗಮನಿಸಬೇಕು. ಗಸಗಸೆ ನಮ್ಮಲ್ಲಿ ಅಡುಗೆಮನೆಯ ಸಾಮಾನು, ಆದರೆ ಯು.ಎ.ಇ., ಸೌದಿಯಲ್ಲಿ ಅದು ನಿಷಿದ್ಧ ವಸ್ತು. ಸಿಕ್ಕಿಬಿದ್ದರೆ ವಿಚಾರಣೆ, ಜೈಲಿನವರೆಗೂ ಹೋಗಬಹುದು. ಮಸಾಲೆ ಪುಡಿಯಲ್ಲಿ ಬೆರೆಸಿದ್ದೂ ಬೇಡ. ನಿದ್ದೆಗೆಂದು ಕೊಡುವ ಖಮೀರಾ ಖಶ್ಖಾಶ್, ಶರ್ಬತ್ ಖಶ್ಖಾಶ್ ಅದೇ ಗಸಗಸೆಯಿಂದಾದವು, ಅವೂ ಬೇಡ. ಕೋಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಮೊದಲೇ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಬೇಕು. ನಿತ್ಯದ ಔಷಧಗಳನ್ನು ಕಂಪೆನಿಯ ಪ್ಯಾಕಿನಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ಹಕೀಮರು ಕಾಗದದಲ್ಲಿ ಕಟ್ಟಿಕೊಟ್ಟ ಪುಡಿಗಳನ್ನು ಊರಲ್ಲೇ ಬಿಡಿ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಒಂದು ಜೊತೆ ಒಳ್ಳೆಯ ವಾಕಿಂಗ್ ಶೂ ಹಿಡಿಯುತ್ತದೆ.